ಆಡದೆ ಆಟ ನಡೆಸಿದವರು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯವನ್ನು ಕಟ್ಟಿದವರ ಹಾಗೂ ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ಚರಿತ್ರೆಯನ್ನು ಬಲ್ಲವರು ಬರೆದಿದ್ದಾರೆ. ಧರ್ಮಕೇಂದ್ರದ ಚರಿತ್ರೆಯೆಂದರೆ ಅದರ ಜನರ ಚರಿತ್ರೆಯೂ ಹೌದಾದುದರಿಂದ, ಯಾವ ಫಲಕದಲ್ಲಿಯೂ ಹೆಸರು ಕಾಣದ ಒಂದು ಚಿಕ್ಕ ಗುಂಪನ್ನು ಇಲ್ಲಿ ನೆನೆಯಲು ಬಯಸುತ್ತೇವೆ. ಭಾನುವಾರ ಪೂಜೆ ಮುಗಿದ ಮೇಲೆ ಕ್ಯಾಸಂಬಳ್ಳಿ, ಬಂಗಾರಪೇಟೆ ಮತ್ತು ಚಿನ್ನದ ಗಣಿ ಸೀಮೆಯ ಬಯಲುಗಳಲ್ಲಿ ನಡೆದ ಕ್ರಿಕೆಟ್ ಪಂದ್ಯಗಳಿಗೆ ಅಂಪೈರುಗಳಾಗಿ ನಿಂತವರು, ಮರದ ನೆರಳಿನಲ್ಲಿ ಕುಳಿತು ಸ್ಕೋರು ಬರೆದವರು ಆ ಗುಂಪಿನವರು. ಇವರಿಗೆ ಸಂಬಳವಿರಲಿಲ್ಲ, ಬಹುಮಾನವಿರಲಿಲ್ಲ. ಆದರೂ ಇವರಿಲ್ಲದೆ ಒಂದು ಪಂದ್ಯವೂ ನಡೆಯುತ್ತಿರಲಿಲ್ಲ.

ಈ ಆಟ ನಮ್ಮ ಸೀಮೆಗೆ ಬಂದ ಬಗೆಯನ್ನು ಮೊದಲು ಸ್ಮರಿಸೋಣ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಇಲ್ಲಿಗೆ ಕಾಲಿಟ್ಟರು. 1894ರಲ್ಲಿ ಅಂದಿನ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲುಮಾರ್ಗ ತೆರೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳಿಗೆ ಹರಿಯಿತು. ಆ ಕಾಲದಲ್ಲಿ ಆಂಗ್ಲರು ಯಂತ್ರಗಳೊಡನೆ ತಮ್ಮ ಆಟಗಳನ್ನೂ ತಂದರು. ಬಂಗಲೆಗಳವರ ಕ್ರಿಕೆಟ್ಟು ಕಾಲಕ್ರಮದಲ್ಲಿ ಕಾರ್ಮಿಕರ ಲೈನುಗಳಿಗೂ ಸುತ್ತಣ ಹಳ್ಳಿಗಳಿಗೂ ಹಬ್ಬಿತು. ಮೈಸೂರಿನ ಪ್ರಥಮ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿಯವರ ಹುಟ್ಟೂರಾದ ಕ್ಯಾಸಂಬಳ್ಳಿಯೂ ಇದಕ್ಕೆ ಹೊರತಾಗಲಿಲ್ಲ. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಈ ನೆಲದಲ್ಲಿ ‘ಹೌಜ್ ದಟ್’ ಎಂಬ ಕೂಗು ಎಲ್ಲರಿಗೂ ತಿಳಿಯುವ ಭಾಷೆಯಾಯಿತು.

ಅಂಪೈರ್ ಎಂಬ ಶಬ್ದದ ಮೂಲ ಹಳೆಯ ಫ್ರೆಂಚಿನದು. ಜೊತೆಯಿಲ್ಲದವನು, ಎಂದರೆ ಇಬ್ಬರಲ್ಲಿ ಯಾರ ಕಡೆಗೂ ಸೇರದ ಮೂರನೆಯವನು ಎಂದು ಅದರ ಅರ್ಥ. ನಮ್ಮ ಬಯಲುಗಳಲ್ಲಿ ಅಂಥ ಮೂರನೆಯವನು ದೊರೆಯುತ್ತಿದ್ದುದು ಅಪರೂಪ. ಬ್ಯಾಟ್ ಮಾಡುವ ತಂಡದಲ್ಲಿಯೇ ಔಟಾಗಿ ಬಂದವರೋ ಸರದಿ ದೂರವಿದ್ದವರೋ ಇಬ್ಬರು ಅಂಪೈರುಗಳಾಗಿ ನಿಲ್ಲುವುದು, ಮತ್ತೊಬ್ಬರು ಸ್ಕೋರು ಬರೆಯುವುದು ವಾಡಿಕೆ. ಆದುದರಿಂದ ನಮ್ಮ ಅಂಪೈರು ಬೆರಳೆತ್ತಬೇಕಾದುದು ಪರರ ಮೇಲಲ್ಲ, ತನ್ನವರ ಮೇಲೆಯೇ. ಅಲ್ಲಿಯೇ ಅವನ ಪರೀಕ್ಷೆ.

ನಾವು ಬಾಲಕರಾಗಿದ್ದಾಗ ಕಂಡ ಒಂದು ಪಂದ್ಯ ಇಂದಿಗೂ ಕಣ್ಣ ಮುಂದಿದೆ. ಗೆಲ್ಲಲು ನಾಲ್ಕು ರನ್ನು ಬೇಕು, ಉಳಿದಿರುವುದು ಕಡೆಯ ವಿಕೆಟ್ಟು. ಚೆಂಡು ದಾಂಡಿಗನ ಕಾಲಿಗೆ ಬಡಿಯಿತು. ದಾಂಡಿಗನು ಅಂಪೈರರ ಒಡಹುಟ್ಟಿದ ತಮ್ಮ. ಅಣ್ಣನವರು ಒಂದು ಕ್ಷಣ ನೆಲ ನೋಡಿದರು, ಬಳಿಕ ಬೆರಳೆತ್ತಿದರು. ಬೆಳಿಗ್ಗೆ ಒಂದೇ ಸೈಕಲ್ಲಿನಲ್ಲಿ ಬಂದಿದ್ದ ಸಹೋದರರಲ್ಲಿ ತಮ್ಮನು ಸಂಜೆ ಒಬ್ಬನೇ ನಡೆದು ಮನೆಗೆ ಹೋದನು. ಮುಂದಿನ ಭಾನುವಾರ ಎದುರಾಳಿ ತಂಡದವರೇ ಆ ಅಣ್ಣನವರ ಬಾಗಿಲಿಗೆ ಬಂದು, ತಮ್ಮ ಪಂದ್ಯಕ್ಕೆ ಅವರೇ ನಿಲ್ಲಬೇಕೆಂದು ಕೇಳಿಕೊಂಡರು. ಅವರಿಗೆ ದೊರೆತ ಪ್ರಶಸ್ತಿ ಅದೊಂದೇ.

ಈ ಕೆಲಸ ಹೊರಗಿನವರಿಗೆ ಕಾಣುವಷ್ಟು ಸುಲಭವಲ್ಲ. ಆರು ಕಲ್ಲುಗಳನ್ನು ಜೇಬಿನಲ್ಲಿಟ್ಟುಕೊಂಡು, ಎಸೆತಕ್ಕೊಂದರಂತೆ ಇನ್ನೊಂದು ಜೇಬಿಗೆ ಹಾಕುತ್ತ ಓವರನ್ನು ಎಣಿಸಬೇಕು. ಎದುರಾಳಿಗಳು ಕೇಳದೆ ಔಟ್ ಕೊಡುವಂತಿಲ್ಲ. ಎರಡೂ ತೋಳುಗಳನ್ನು ಚಾಚಿದರೆ ವೈಡ್, ಒಂದನ್ನೇ ಚಾಚಿದರೆ ನೋಬಾಲ್, ತೆರೆದ ಅಂಗೈಯನ್ನು ತಲೆಯ ಮೇಲೆತ್ತಿದರೆ ಬೈ, ಎತ್ತಿದ ಮೊಣಕಾಲನ್ನು ಮುಟ್ಟಿದರೆ ಲೆಗ್ ಬೈ. ಪ್ರತಿಯೊಂದು ಸಂಜ್ಞೆಗೂ ಸ್ಕೋರರು ಉತ್ತರ ಕೊಡುವವರೆಗೆ ಮುಂದಿನ ಎಸೆತಕ್ಕೆ ಅನುಮತಿಯಿಲ್ಲವೆಂದು ನಿಯಮವೇ ಹೇಳುತ್ತದೆ. ಬಿಸಿಲಿನಲ್ಲಿ ನಿಂತವರಿಗೂ ನೆರಳಿನಲ್ಲಿ ಕುಳಿತವರಿಗೂ ಇರುವ ನಂಟು ಅಂಥದು.

ಇಂಗ್ಲೆಂಡಿನಲ್ಲಿ ಮೊದಮೊದಲು ರನ್ನುಗಳ ಲೆಕ್ಕವನ್ನು ಕೋಲಿನ ಮೇಲೆ ಕಚ್ಚು ಹಾಕಿ ಇಡುತ್ತಿದ್ದರು. ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಗೀರೆಳೆಯುತ್ತಿದ್ದಂತೆಯೇ ಅದೂ. ಮುಂದೆ ಸ್ಕೋರು ಪುಸ್ತಕ ಬಂದಿತು. ರನ್ನಿಲ್ಲದ ಎಸೆತಕ್ಕೊಂದು ಚುಕ್ಕೆ. ಆರೂ ಎಸೆತ ಬರಿದಾದರೆ ಆ ಚುಕ್ಕೆಗಳನ್ನು ಜೋಡಿಸಿ ‘ಎಂ’ ಅಕ್ಷರ ಬರೆದರೆ ಅದು ಮೇಡನ್ ಓವರು. ದಾಂಡಿಗರ ರನ್ನುಗಳಿಗೆ ಇತರೆ ರನ್ನುಗಳನ್ನು ಸೇರಿಸಿದ ಮೊತ್ತವೂ, ಬೋಲರುಗಳು ಕೊಟ್ಟ ರನ್ನುಗಳಿಗೆ ಬೈ, ಲೆಗ್ ಬೈಗಳನ್ನು ಸೇರಿಸಿದ ಮೊತ್ತವೂ ಒಂದೇ ಆಗಬೇಕು. ಒಂದು ರನ್ನು ಹೆಚ್ಚುಕಡಿಮೆಯಾದರೆ ಎಲ್ಲರೂ ಮನೆಗೆ ಹೊರಟ ಮೇಲೂ ಸ್ಕೋರರು ಪೆನ್ಸಿಲು ಹಿಡಿದು ಕುಳಿತಿರಬೇಕು. ಗೆದ್ದವರೂ ಸೋತವರೂ ಅದೇ ಪುಟಕ್ಕೆ ತಲೆಬಾಗಬೇಕಾದುದರಿಂದ ಆ ತಾಳ್ಮೆ ಅನಿವಾರ್ಯ.

ನಮ್ಮ ನಾಡು ಈ ಸೇವೆಯಲ್ಲಿ ಹಿಂದೆ ಬಿದ್ದಿಲ್ಲವೆಂಬುದು ಅಭಿಮಾನದ ಸಂಗತಿ. 1933ರಲ್ಲಿ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಸ್ಥಾಪನೆಯಾಯಿತು. ಮೈಸೂರಿನ ಪರವಾಗಿ ಆಡಿದ್ದ ಎಂ. ಜಿ. ವಿಜಯಸಾರಥಿಯವರೂ ಅವರ ಮಗ ಎಂ. ವಿ. ನಾಗೇಂದ್ರರೂ ಟೆಸ್ಟ್ ಪಂದ್ಯಗಳಿಗೆ ಅಂಪೈರುಗಳಾದರು. 1960–61ರ ರಣಜಿ ಋತುವಿನಲ್ಲಿ ಬೆಂಗಳೂರಿನ ಪಂದ್ಯವೊಂದರಲ್ಲಿ ತಂದೆ ಮಕ್ಕಳಿಬ್ಬರೂ ಎರಡು ತುದಿಗಳಲ್ಲಿ ನಿಂತರು. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಅನಿಲ್ ಕುಂಬ್ಳೆಯವರು ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು 74 ರನ್ನುಗಳಿಗೆ ಉರುಳಿಸಿದಾಗ ಬೋಲರನ ತುದಿಯಲ್ಲಿದ್ದ ಅಂಪೈರು ಕರ್ನಾಟಕದವರೇ ಆದ ಎ. ವಿ. ಜಯಪ್ರಕಾಶರು. ಕುಂಬ್ಳೆಯವರನ್ನು ಬಲ್ಲವರೆಷ್ಟು ಮಂದಿ, ಜಯಪ್ರಕಾಶರನ್ನು ಬಲ್ಲವರೆಷ್ಟು ಮಂದಿ ಎಂದು ಕೇಳಿಕೊಂಡರೆ ನಮ್ಮೂರಿನ ಅಂಪೈರುಗಳನ್ನು ಜನ ಮರೆತುದರಲ್ಲಿ ಆಶ್ಚರ್ಯವಿಲ್ಲ. 1992ರಿಂದ ದೊಡ್ಡ ಪಂದ್ಯಗಳಲ್ಲಿ ಟೆಲಿವಿಷನ್ ನೋಡಿ ತೀರ್ಪು ಕೊಡುವ ಮೂರನೆಯ ಅಂಪೈರು ಬಂದರು. ನಮ್ಮ ಬಯಲಿನಲ್ಲಿ ಆಗಲೂ ಈಗಲೂ ಇರುವುದು ಎರಡು ಕಣ್ಣು, ಒಂದು ಮನಸ್ಸಾಕ್ಷಿ.

2001ರ ಫೆಬ್ರುವರಿಯಲ್ಲಿ ಗಣಿಗಳು ಮುಚ್ಚಿದವು. ಅನೇಕ ಕುಟುಂಬಗಳು ಊರು ಬಿಟ್ಟವು. ಉಳಿದವರಲ್ಲಿ ಎಷ್ಟೋ ಮಂದಿ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ವಾರಕ್ಕೊಂದೇ ಬಿಡುವಿನ ದಿನವಿರುವಾಗ ಆಡಲು ಹುಡುಗರು ಬರುತ್ತಾರೆ, ನಿಲ್ಲಲು ಯಾರೂ ಬಾರರು. ಸ್ಕೋರು ಈಗ ಮೊಬೈಲಿನಲ್ಲಿ ದಾಖಲಾಗುತ್ತದೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಹಳೆಯ ಪುಸ್ತಕಗಳು ಮನೆ ಖಾಲಿ ಮಾಡುವಾಗ ರದ್ದಿಯವನ ತಕ್ಕಡಿಗೆ ಬೀಳುತ್ತಿರುವುದು ನಮ್ಮನ್ನು ನೋಯಿಸುತ್ತದೆ. ದೇವಾಲಯದ ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ನಮ್ಮ ಹಿರಿಯರ ಹೆಸರು ಒಮ್ಮೆ ಬರುತ್ತದೆ, ವಿವಾಹದ ರಿಜಿಸ್ಟರಿನಲ್ಲಿ ಇನ್ನೊಮ್ಮೆ. ಅವರು ನಕ್ಕು ನಲಿದ ಒಂದು ಮಧ್ಯಾಹ್ನದ ದಾಖಲೆ ಸ್ಕೋರು ಪುಸ್ತಕದಲ್ಲಲ್ಲದೆ ಬೇರೆಲ್ಲಿಯೂ ಇಲ್ಲ.

ಆದುದರಿಂದ ವಾಚಕರಲ್ಲಿ ನಮ್ಮದೊಂದು ಬಿನ್ನಹ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಂಥ ಪುಸ್ತಕವಿದ್ದರೆ ಎಸೆಯಬೇಡಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರಲ್ಲಿಯ ಹೆಸರುಗಳನ್ನು ಓದಿಸಿ, ಗುರುತಿಸಿ, ಜೋಪಾನವಾಗಿಡಿ. ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಂಪೈರುಗಳ ಮತ್ತು ಸ್ಕೋರರ ಹೆಸರಿದ್ದರೆ ಅದನ್ನು ಮೊದಲು ಓದಿ. ಮುಂದಿನ ಭಾನುವಾರ ಬಯಲಿನಲ್ಲಿ ಹುಡುಗರು ‘ಅಂಪೈರು ಯಾರು?’ ಎಂದು ಸುತ್ತಲೂ ನೋಡುವಾಗ ನಮ್ಮಲ್ಲಿ ಒಬ್ಬರಾದರೂ ಎದ್ದು ನಿಲ್ಲುವುದಾದರೆ, ಆ ಹಿರಿಯರಿಗೆ ಸಲ್ಲಬೇಕಾದ ಋಣ ಸಂದಂತೆಯೇ ಸರಿ.