ಮಡಚಬೇಡಿ, ಚುಚ್ಚಬೇಡಿ, ಹರಿಯಬೇಡಿ

ಮೊನ್ನೆ ಭಾನುವಾರ ಅಜ್ಜನ ಹಳೇ ಪತ್ರಗಳನ್ನು ಸ್ಕ್ಯಾನ್ ಮಾಡೋಣ ಅಂತ ಕೂತೆ. ಹಾಳೆಗಳನ್ನು ತಾನೇ ಒಂದೊಂದಾಗಿ ಎಳೆದುಕೊಳ್ಳುವ ಸ್ಕ್ಯಾನರ್. ಇಪ್ಪತ್ತು ಹಾಳೆ ಒಟ್ಟಿಗೆ ಇಟ್ಟೆ. ನಾಲ್ಕನೆಯದಕ್ಕೆ ಚರ್ರ್ ಅಂತ ಸದ್ದು! ತುಕ್ಕು ಹಿಡಿದ ಗುಂಡುಪಿನ್ನೊಂದು ಉಳಿದುಬಿಟ್ಟಿತ್ತು. 1962ರಲ್ಲಿ ಅಜ್ಜ ಅಜ್ಜಿಗೆ ಬರೆದ ಪತ್ರ ಎರಡು ತುಂಡು. ಗಾಜಿನ ಮೇಲೆ ಗೀರು ಬೇರೆ. ಈ ಯಂತ್ರದಲ್ಲಿ ಕಣ್ಣು ನಿಂತಲ್ಲೇ ಇದ್ದು ಕಾಗದ ಚಲಿಸುತ್ತದಲ್ಲ, ಹಾಗಾಗಿ ಪುಟ್ಟ ಗೀರೂ ಪ್ರತಿ ಪುಟದಲ್ಲಿ ಉದ್ದ ಗೆರೆಯಾಗುತ್ತದೆ. ಅಮ್ಮ ನೋಡಿ ಏನೂ ಅನ್ನಲಿಲ್ಲ. ಅದೇ ಕಷ್ಟವಾಯ್ತು.

ಯಂತ್ರಕ್ಕೆ ಕೊಡುವ ಮುಂಚೆ ಕಾಗದವನ್ನು ಅಣಿಮಾಡಬೇಕು ಅನ್ನೋದು ಹಳೇ ಪಾಠ. 1890ರ ಅಮೆರಿಕದ ಜನಗಣತಿಗೆ ಹರ್ಮನ್ ಹಾಲೆರಿತ್ ತೂತು ಕೊರೆದ ಕಾರ್ಡುಗಳನ್ನು ಬಳಸಿದಾಗ ಒಂದೊಂದನ್ನೂ ಕೈಯಿಂದಲೇ ಇಡಬೇಕಿತ್ತು. 1928ರಲ್ಲಿ ಐಬಿಎಂ 80 ಕಾಲಮ್ಮಿನ ಕಾರ್ಡು ತಂದಿತು. ದಪ್ಪ 0.007 ಇಂಚು. ತಿರುಗುಮುರುಗಾದದ್ದು ಥಟ್ಟನೆ ಕಾಣಲೆಂದು ಒಂದು ಮೂಲೆ ಕತ್ತರಿಸಿರುತ್ತಿತ್ತು. 1959ರ ಐಬಿಎಂ 1401ರ ಹೊತ್ತಿಗೆ ಕಾರ್ಡ್ ರೀಡರ್ ನಿಮಿಷಕ್ಕೆ 800 ಕಾರ್ಡು ನುಂಗುತ್ತಿತ್ತು. ಒಂದು ಮಡಿಕೆ ಇದ್ದರೂ ಸಿಕ್ಕಿಕೊಳ್ಳುವ ಭಯ. ಅದಕ್ಕೇ ಆಪರೇಟರುಗಳು ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ, ಅಂಚು ಕುಟ್ಟಿ ಸಮ ಮಾಡಿ ಇಡುತ್ತಿದ್ದರು.

ಬಿಲ್ಲು, ಚೆಕ್ಕುಗಳೂ ಕಾರ್ಡಿನ ರೂಪದಲ್ಲೇ ಜನರ ಕೈಸೇರಿದಾಗ ಅವುಗಳ ಮೇಲೆ ಎಚ್ಚರಿಕೆ ಅಚ್ಚಾಯಿತು: ಮಡಚಬೇಡಿ, ಸ್ಪಿಂಡಲ್ ಮಾಡಬೇಡಿ, ಹಾಳುಮಾಡಬೇಡಿ. ಸ್ಪಿಂಡಲ್ ಅಂದರೆ ಬೇರೇನಲ್ಲ, ನಮ್ಮ ಅಂಗಡಿಗಳಲ್ಲಿ ಚೀಟಿ ಚುಚ್ಚಿಡುವ ತಂತಿ ಇರುತ್ತಲ್ಲ, ಅಂಥದ್ದೇ ಮೊಳೆ :)

1964ರಲ್ಲಿ ಬರ್ಕ್‌ಲಿಯ ವಿದ್ಯಾರ್ಥಿಗಳು ಪ್ರತಿಭಟನೆಯಲ್ಲಿ ಈ ಮಾತನ್ನೇ ತಮಗೆ ಅನ್ವಯಿಸಿಕೊಂಡರು. ಕಾರ್ಡಿಗೆ ಸಿಗುವ ಮರ್ಯಾದೆಯಾದರೂ ನಮಗೆ ಕೊಡಿ ಎಂಬ ಅರ್ಥದಲ್ಲಿ.

ನಾನು ಅಜ್ಜನ ಪತ್ರಕ್ಕೆ ಅಷ್ಟೂ ಮರ್ಯಾದೆ ಕೊಟ್ಟಿರಲಿಲ್ಲ.

ಉಳಿದ ಪತ್ರಗಳನ್ನು ಪಿನ್ನು ತೆಗೆದು, ಮಡಿಕೆ ಬಿಡಿಸಿ, ಗೆಳೆಯನ ಮನೆಯ ಚಪ್ಪಟೆ ಗಾಜಿನ ಸ್ಕ್ಯಾನರಿನಲ್ಲಿ ಒಂದೊಂದಾಗಿ ಇಟ್ಟೆ. ಹರಿದದ್ದಕ್ಕೆ ಸೆಲ್ಲೋಟೇಪು ಹಚ್ಚಲಿಲ್ಲ, ವರ್ಷ ಕಳೆದರೆ ಅದು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ತುಂಡುಗಳನ್ನು ಜೋಡಿಸಿಟ್ಟೆ. ಬಿಡಿಸುವಾಗ ಓದಲೇಬೇಕಾಯ್ತು. ಅಜ್ಜಿ ಆಗತಾನೇ ಓದಲು ಕಲಿಯುತ್ತಿದ್ದರಂತೆ, ಅದಕ್ಕೇ ಅಜ್ಜ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ, ದೊಡ್ಡದಾಗಿ ಬರೆದಿದ್ದಾರೆ.

ಆ ಇಪ್ಪತ್ತೂ ಸಲೀಸಾಗಿ ಒಳಗೆ ಹೋಗಿದ್ದರೆ ನನಗಿದು ಗೊತ್ತೇ ಆಗುತ್ತಿರಲಿಲ್ಲ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಕಟ್ಟು ಇದ್ದೀತು. ಮೊದಲು ಪಿನ್ನು ನೋಡಿ ಮಾರಾಯ್ರೇ...