ಮೈಕ್ರೋಆರ್‌ಎನ್‌ಎ: ರೋಗ ಮತ್ತು ರೋಗಪತ್ತೆಯಲ್ಲಿ ಪಾತ್ರ

ಮೈಕ್ರೋಆರ್‌ಎನ್‌ಎ ಎಂದರೆ ಸುಮಾರು 22 ನ್ಯೂಕ್ಲಿಯೋಟೈಡ್‌ಗಳಷ್ಟು ಉದ್ದದ ಆರ್‌ಎನ್‌ಎ ತುಣುಕು. ಇದರಿಂದ ಪ್ರೋಟೀನ್ ತಯಾರಾಗುವುದಿಲ್ಲ. ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ತಗ್ಗಿಸುವುದೇ ಇದರ ಕೆಲಸ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ ಇದನ್ನು ಬಯಲಿಗೆ ತಂದರು. 2024ರ ವೈದ್ಯಕೀಯ ನೊಬೆಲ್ ಅವರಿಗೆ ಸಂದಿತು.

ಮನುಷ್ಯರ ಕಾಯಿಲೆಯೊಡನೆ ಇದರ ನಂಟನ್ನು 2002ರಲ್ಲಿ ತೋರಿಸಿದ್ದು ಕಾರ್ಲೋ ಕ್ರೋಚೆ ತಂಡ. ದೀರ್ಘಕಾಲೀನ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಅರ್ಧದಷ್ಟು ರೋಗಿಗಳಲ್ಲಿ 13ನೇ ವರ್ಣತಂತುವಿನ ಒಂದು ಚೂರು ಕಳೆದುಹೋಗಿರುತ್ತದೆ. ಅಲ್ಲಿ ಕ್ಯಾನ್ಸರ್ ತಡೆಯುವ ವಂಶವಾಹಿಗಾಗಿ ವರ್ಷಗಟ್ಟಲೆ ಹುಡುಕಾಟ ನಡೆದಿತ್ತು. ಕೊನೆಗೆ ಸಿಕ್ಕಿದ್ದು ಎಂಐಆರ್-15ಎ ಮತ್ತು ಎಂಐಆರ್-16-1 ಎಂಬ ಎರಡು ಮೈಕ್ರೋಆರ್‌ಎನ್‌ಎಗಳು. ಬಿಸಿಎಲ್2 ಪ್ರೋಟೀನನ್ನು ಹತೋಟಿಯಲ್ಲಿಡುವುದು ಇವೇ. ಇವಿಲ್ಲದಿದ್ದರೆ ಆ ಪ್ರೋಟೀನ್ ಹೆಚ್ಚಿ, ಸಾಯಬೇಕಾದ ಬಿ ಜೀವಕೋಶಗಳು ಸಾಯದೆ ಗುಡ್ಡೆಬೀಳುತ್ತವೆ. ಯಕೃತ್ತಿನ ಎಂಐಆರ್-122 ಕಥೆ ಬೇರೆ: ಹೆಪಟೈಟಿಸ್ ಸಿ ವೈರಸ್ ತನ್ನ ವೃದ್ಧಿಗೆ ಅದನ್ನೇ ಬಳಸಿಕೊಳ್ಳುತ್ತದೆ.

ಮೈಕ್ರೋಆರ್‌ಎನ್‌ಎಗಳು ರಕ್ತದ ಪ್ಲಾಸ್ಮಾದಲ್ಲೂ ಕೆಡದೆ ಉಳಿಯುತ್ತವೆ ಎಂಬುದು 2008ರಲ್ಲಿ ಖಚಿತವಾಯಿತು. ರೋಗಪತ್ತೆಯ ಆಸೆ ಚಿಗುರಿದ್ದು ಆಗಲೇ. ಆದರೆ ರಕ್ತ ತೆಗೆಯುವಾಗ ಕೆಂಪುಕಣಗಳು ಒಡೆದರೂ ಸಾಕು, ಅವುಗಳೊಳಗಿನ ಎಂಐಆರ್-16 ಮತ್ತು ಎಂಐಆರ್-451 ಪ್ಲಾಸ್ಮಾಕ್ಕೆ ಬೆರೆತು ಇಲ್ಲದ ಏರಿಕೆಯನ್ನು ತೋರಿಸುತ್ತವೆ. ಒಂದೇ ಕಾಯಿಲೆಯ ಅಧ್ಯಯನಗಳು ಪರಸ್ಪರ ಹೊಂದದಿರಲು ಇದೂ ಒಂದು ಮುಖ್ಯ ಕಾರಣ. ಮಾದರಿಯ ಗುಣಮಟ್ಟ ಹೇಳದ ಫಲಿತಾಂಶವನ್ನು ನೆಚ್ಚುವಂತಿಲ್ಲ. ವೃಷಣದ ಜರ್ಮ್ ಸೆಲ್ ಗೆಡ್ಡೆಗಳಲ್ಲಿ ರಕ್ತದಲ್ಲಿ ಏರುವ ಎಂಐಆರ್-371ಎ-3ಪಿ ಮಾತ್ರ ಹಳೆಯ ರಕ್ತಸೂಚಕಗಳಿಗಿಂತ ಹೆಚ್ಚು ಸೂಕ್ಷ್ಮವೆಂದು ಕಂಡುಬಂದಿದೆ.