ಹಳ್ಳಿಯ ಸಂಘವೂ ಸಂಘಗಳ ಕೂಟವೂ

ಹನಿಹನಿ ಕೂಡಿದರೆ ಹಳ್ಳ, ತೆನೆತೆನೆ ಕೂಡಿದರೆ ಬಳ್ಳ ಎಂಬ ಗಾದೆಯನ್ನು ಸಹಕಾರ ಸಂಘಗಳ ಸಮಾರಂಭಗಳಲ್ಲಿ ನಾವೆಲ್ಲರೂ ಕೇಳಿರುತ್ತೇವೆ. ಆದರೆ ಹಳ್ಳಗಳೂ ಒಂದರೊಡನೊಂದು ಕೂಡಿದಲ್ಲದೆ ಹೊಳೆಯಾಗಲಾರದೆಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ರೈತರು ಸೇರಿ ಸಂಘವನ್ನು ಕಟ್ಟಿದುದು ಸಹಕಾರ ಚರಿತ್ರೆಯ ಪೂರ್ವಾರ್ಧ; ಆ ಸಂಘಗಳು ತಮ್ಮೊಳಗೆ ಸೇರಿದುದು ಅದರ ಉತ್ತರಾರ್ಧ. ಈ ಉತ್ತರಾರ್ಧವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಜರ್ಮನಿಯ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಎಂಬಾತನು ವೈಯರ್‌ಬುಷ್ ಎಂಬ ಗ್ರಾಮಪ್ರಾಂತದ ಮೇಯರಾಗಿದ್ದನು. 1846-47ರ ಕ್ಷಾಮದಲ್ಲಿ ಆತನು ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿ ಒದಗಿಸಲು ಒಂದು ಸಂಘವನ್ನು ಮಾಡಿದನು. ಅದು ಪರೋಪಕಾರ, ಸಹಕಾರವಲ್ಲ. ದಾನಿಗಳ ಉತ್ಸಾಹವು ಬಹುಕಾಲ ನಿಲ್ಲುವುದಿಲ್ಲವೆಂಬುದನ್ನು ಅನುಭವದಿಂದ ಕಂಡುಕೊಂಡ ಆತನು 1864ರಲ್ಲಿ ಹೆಡ್ಡೆಸ್‌ಡೋರ್ಫ್‌ನಲ್ಲಿ ಸಾಲ ಪಡೆಯುವವರನ್ನೇ ಸದಸ್ಯರನ್ನಾಗಿ ಮಾಡಿ, ಸಂಘದ ಋಣಕ್ಕೆ ಎಲ್ಲರೂ ಮಿತಿಯಿಲ್ಲದೆ ಹೊಣೆಯಾಗುವಂತೆ ಏರ್ಪಡಿಸಿದನು. ಒಬ್ಬನ ಸಾಲಕ್ಕೆ ಊರೇ ಹೊಣೆಯಾದ ಮೇಲೆ, ಆ ಸಾಲದ ಹಣ ಬಿತ್ತನೆಗೆ ಹೋಯಿತೋ ಮದುವೆಯ ಚಪ್ಪರಕ್ಕೆ ಹೋಯಿತೋ ಎಂಬುದನ್ನು ನೆರೆಯವನೇ ನೋಡಿಕೊಳ್ಳುತ್ತಾನೆ. ಆದುದರಿಂದ ಸಂಘವು ಒಬ್ಬರನ್ನೊಬ್ಬರು ಬಲ್ಲ ಒಂದು ಹಳ್ಳಿಯ ಮಟ್ಟಿಗೇ ಇರಬೇಕೆಂದು ಆತನು ಒತ್ತಿ ಹೇಳಿದನು.

ಆದರೆ ಯಾವುದು ಈ ಸಂಘದ ಬಲವೋ ಅದೇ ಅದರ ದೌರ್ಬಲ್ಯವೂ ಆಗಿತ್ತು. ಒಂದು ಹಳ್ಳಿಯಲ್ಲಿ ಮಳೆ ತಪ್ಪಿದರೆ ಎಲ್ಲರ ಹೊಲಕ್ಕೂ ತಪ್ಪುತ್ತದೆ. ಬಿತ್ತನೆಯ ಕಾಲದಲ್ಲಿ ಎಲ್ಲರಿಗೂ ಒಮ್ಮೆಲೇ ಹಣ ಬೇಕು. ಸುಗ್ಗಿಯಾದೊಡನೆ ಎಲ್ಲರ ಕೈಯಲ್ಲಿಯೂ ಒಮ್ಮೆಲೇ ಹಣ. ಇದಲ್ಲದೆ, ಲೆಕ್ಕದಲ್ಲಿ ತಪ್ಪು ಕಂಡರೂ ಊರಿನ ಯಜಮಾನನನ್ನು ಊರಿನವರೇ ಪ್ರಶ್ನಿಸುವುದು ಕಷ್ಟ. ಈ ಕೊರತೆಗಳನ್ನು ತುಂಬಲು 1872ರಲ್ಲಿ ರೈನ್ ಪ್ರಾಂತದ ಸಂಘಗಳಿಗಾಗಿ ನೋಯ್‌ವೀಡ್‌ನಲ್ಲಿ ಒಂದು ಕೇಂದ್ರ ಬ್ಯಾಂಕೂ, 1876ರಲ್ಲಿ ಇನ್ನೂ ವಿಸ್ತಾರವಾದ ಕೇಂದ್ರ ಸಂಸ್ಥೆಯೂ, ಮರುವರ್ಷ ಸಂಘಗಳ ಒಂದು ಒಕ್ಕೂಟವೂ ಏರ್ಪಟ್ಟವು. ಒಂದು ಕಡೆಯ ಉಳಿತಾಯವು ಮತ್ತೊಂದು ಕಡೆಯ ಅಗತ್ಯಕ್ಕೆ ಹರಿಯಲು ಹೀಗೆ ಕಾಲುವೆಯಾಯಿತು.

ಇಂಗ್ಲೆಂಡಿನಲ್ಲಿಯೂ ಇದೇ ಪಾಠ ಬೇರೊಂದು ಬಗೆಯಿಂದ ದೊರೆಯಿತು. 1844ರಲ್ಲಿ ರಾಚ್‌ಡೇಲ್ ಪಟ್ಟಣದ 28 ಮಂದಿ ಸೇರಿ ತೆರೆದ ಅಂಗಡಿಯನ್ನು ಅನುಸರಿಸಿ ಅನೇಕ ಸಂಘಗಳು ಹುಟ್ಟಿದವು. ಆದರೆ ಸಗಟು ವ್ಯಾಪಾರಿಯ ಮುಂದೆ ಒಂಟಿ ಅಂಗಡಿಗೆ ಬೆಲೆಯಿರಲಿಲ್ಲ. ಒಂದು ಸಂಘವು ಇನ್ನೊಂದರಲ್ಲಿ ಷೇರು ಹೊಂದಬಹುದೆಂದು 1862ರ ಕಾನೂನು ಒಪ್ಪಿದ ಮೇಲೆಯೇ, 1863ರಲ್ಲಿ ಸಂಘಗಳು ಕೂಡಿ ಸಗಟು ಖರೀದಿಯ ಸಂಸ್ಥೆಯನ್ನು ಸ್ಥಾಪಿಸಿದವು. 1869ರಲ್ಲಿ ಲಂಡನ್ನಿನಲ್ಲಿ ಸಹಕಾರಿಗಳ ಸಮ್ಮೇಳನ ನೆರೆಯಿತು. 1895ರಲ್ಲಿ ಅದೇ ನಗರದಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು ಜನ್ಮ ತಾಳಿತು.

ನಮ್ಮ ದೇಶದ ಕಥೆಯೂ ಇದಕ್ಕೆ ಸಮಾನವಾಗಿದೆ. ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯು ಮದ್ರಾಸು ಸರ್ಕಾರಕ್ಕೆ ವರದಿ ಬರೆದು ರೈಫೈಸನ್ನನ ಮಾರ್ಗವನ್ನು ಎತ್ತಿ ಹಿಡಿದನು. 1904ರಲ್ಲಿ ಬಂದ ಶಾಸನವು ಸಾಲದ ಸಂಘಗಳಿಗೆ ಮಾತ್ರ ಅವಕಾಶವಿತ್ತಿತು. ಸಂಘಗಳ ಒಕ್ಕೂಟವನ್ನಾಗಲಿ ಕೇಂದ್ರ ಬ್ಯಾಂಕನ್ನಾಗಲಿ ಅದು ಎಣಿಸಿರಲಿಲ್ಲ. ಆ ನ್ಯೂನತೆಯನ್ನು 1912ರ ಶಾಸನವು ತಿದ್ದಿತು. ಇಂಗ್ಲೆಂಡಿನಂತೆ ಇಲ್ಲಿಯೂ ಜನರ ಅಗತ್ಯವು ಮುಂದೆ ನಡೆಯಿತು, ಕಾನೂನು ಹಿಂದೆ ಬಂದಿತು.

ಈ ಚರಿತ್ರೆಯಲ್ಲಿ ಕನ್ನಡನಾಡಿನ ಪಾಲು ಅಲ್ಪವಲ್ಲ. 1905ರಲ್ಲಿ, ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಗ್ರಾಮೀಣ ಸಹಕಾರ ಸಂಘವು ಸ್ಥಾಪಿತವಾಯಿತು. ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನದೇ ಆದ ಸಹಕಾರ ರೆಗ್ಯುಲೇಷನ್ನನ್ನು ಜಾರಿಗೆ ತಂದಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ, ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಆರಂಭವಾಯಿತು. ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯಗಳನ್ನು ಕುರಿತು ಅಧಿಕಾರಿಗಳೂ ಇತರರೂ ಒಂದೇ ಸಭೆಯಲ್ಲಿ ಕುಳಿತು ಆಲೋಚಿಸುವ ಪದ್ಧತಿ ಅದರಿಂದ ಬೆಳೆಯಿತು. 1915ರಲ್ಲಿ ಬೆಂಗಳೂರಿನಲ್ಲಿ ಸಂಸ್ಥಾನದ ಅಪೆಕ್ಸ್ ಬ್ಯಾಂಕು ಏರ್ಪಟ್ಟು, ಚದರಿದ್ದ ಸಂಘಗಳಿಗೆ ಒಂದು ಮೇಲ್ಮನೆಯೊದಗಿತು.

ಸಮ್ಮೇಳನಗಳೆಂದರೆ ಹಾರ, ತುರಾಯಿ, ಉಪನ್ಯಾಸ, ಊಟ. ಇವುಗಳಿಂದ ರೈತನಿಗೇನು ಲಾಭ ಎಂದು ಕೇಳುವವರುಂಟು. ಈ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಮೇಲಿನವರು ನುಡಿದು ಕೆಳಗಿನವರು ಚಪ್ಪಾಳೆ ತಟ್ಟಿ ಮುಗಿಯುವ ಸಭೆಯಿಂದ ಯಾವ ಸಂಘವೂ ಉದ್ಧಾರವಾಗಲಿಲ್ಲ. ಆದರೆ ಒಂದು ಊರಿನ ಕಾರ್ಯದರ್ಶಿಯು ವಸೂಲಿಯಾಗದ ಸಾಲದ ಕಥೆಯನ್ನು ನಾಚದೆ ಹೇಳಿ, ಇನ್ನೊಂದು ಊರಿನವನು ತಾನದನ್ನು ಬಗೆಹರಿಸಿದ ರೀತಿಯನ್ನು ತಿಳಿಸಿದರೆ, ಆ ಒಂದು ಗಳಿಗೆಯ ಮಾತು ಹತ್ತು ಸುತ್ತೋಲೆಗಳಿಗಿಂತ ಮೇಲು. ಊರಿನೊಳಗೆ ಕೇಳಲಾಗದ ಪ್ರಶ್ನೆಯನ್ನು ಊರಾಚೆಯ ಗೆಳೆಯನು ಕೇಳಬಲ್ಲನು. ನೋಯ್‌ವೀಡ್‌ನ ಒಕ್ಕೂಟದಿಂದ 2024ರ ನವೆಂಬರಿನಲ್ಲಿ ದೆಹಲಿಯಲ್ಲಿ ನೆರೆದ ಜಾಗತಿಕ ಸಹಕಾರ ಸಮ್ಮೇಳನದವರೆಗೆ ಇಂಥ ಕೂಟಗಳನ್ನು ಅಳೆಯಲು ಬೇರೆ ಮಾನದಂಡವಿಲ್ಲ. ಸಭೆಯಿಂದ ಹಿಂದಿರುಗಿದ ಸದಸ್ಯನು ತನ್ನೂರಿನ ಲೆಕ್ಕದ ಪುಸ್ತಕವನ್ನು ಮತ್ತೊಮ್ಮೆ ತೆರೆದು ನೋಡಿದನೆ? ನೋಡಿದನಾದರೆ ಆ ಸಮ್ಮೇಳನವು ಸಾರ್ಥಕವಾಯಿತೆಂದೇ ತಿಳಿಯಬೇಕು.